ಕೈಗೆ ಕಚ್ಚುವ ಬಟ್ಟೆ

ಕೋಡಿಬಾಗದಲ್ಲಿ, ಕಾಳಿ ಸೇತುವೆ ಹತ್ತುವ ಮೊದಲು
ಎಡಕ್ಕೆ ಕಾಣುವ ನೀಲಿ ತಗಡಿನ ಶೆಡ್ಡು ನಮ್ಮದು.
ಹೊಳೆ ಕಡೆಯ ಗಾಳಿಗೆ ಕೆಸರಿನ ವಾಸನೆ,
ಕಡಲ ಕಡೆಯದಕ್ಕೆ ಉಪ್ಪು.
ಉಪ್ಪು ಕಾರಿನ ವೈರಿ,
ಹಾಗಾಗಿ ನಮ್ಮ ಅನ್ನ.

ಸೋಯ್ರು ಮಾಮನಿಗೆ ಹತ್ತಿಯೇ ಆಗಬೇಕು.
ಅಂಬಾಸಿಡರ್ ಕಾಲದಿಂದ ವ್ಯಾಕ್ಸ್ ತಿಕ್ಕಿದವ.
ಹಳೇ ಪಂಚೆ, ಹೆಂಡತಿಯ ನೂಲಿನ ಸೀರೆ,
ಮೊಮ್ಮಗಳ ತೊಟ್ಟಿಲ ಬಟ್ಟೆ,
ಎಲ್ಲದರ ಅಂಚನ್ನೂ ಹಲ್ಲಿನಿಂದ ಕಚ್ಚಿ ಹರಿದು
ಮಡಿಕೆ ಹಾಕಿ ಬಿಸ್ಕಿಟ್ ಡಬ್ಬಿಯಲ್ಲಿಡುತ್ತಾನೆ.
‘ಮಗುವಿನ ಅಂಡಿಗೆ ಆಗುವ ಬಟ್ಟೆ
ಬಾನೆಟ್ಟಿಗೆ ಆಗುವುದಿಲ್ಲವೇನೆ, ಶಾಲನ್?’

ಮಡಗಾಂವಿಗೆ ಹೋದವಳು ನಾನು
ಹನ್ನೆರಡು ಮೈಕ್ರೋಫೈಬರ್ ತಂದೆ.
ಒಂದೊಂದು ಎಳೆಯನ್ನೂ ಹದಿನಾರಾಗಿ ಸೀಳಿದ್ದಾರಂತೆ,
ಅಂಗಡಿಯವ ಹೇಳಿದ. ಎಣಿಸಿದವರು ಯಾರೋ.
ಅಂಚಿಗೆ ಹೊಲಿಗೆಯೇ ಇಲ್ಲ,
ಮೂಲೆಯ ಚೀಟಿಯನ್ನು ಬ್ಲೇಡಿನಿಂದ ಕೆತ್ತಿ ತೆಗೆದೆ.
ಬೆಲೆ ಕೇಳಿ ಮಾಮ ಬೀಡಿ ಹಚ್ಚಿದ.
‘ಇದೇ ದುಡ್ಡಿಗೆ ಎರಡು ಇಸ್ವಣ ಬರ್ತಿತ್ತಲ್ಲೇ.’

ಹಾಗಾದರೆ ಪರೀಕ್ಷೆಯೇ ಆಗಲಿ ಅಂದೆ.
ಕಪಾಟಿನ ತಳದಿಂದ ನನ್ನ ಮದುವೆಯ ಸೀಡಿ ತಂದೆ.
ಅದನ್ನು ಹಾಕಿ ನೋಡುವ ಯಂತ್ರ ಮನೆಯಲ್ಲಿಲ್ಲ,
ನೋಡಬೇಕೆನ್ನುವವರೂ.
ಅರ್ಧಕ್ಕೆ ಅವನ ಹತ್ತಿ, ಇನ್ನರ್ಧಕ್ಕೆ ನನ್ನದು,
ಹತ್ತತ್ತು ಸಲ, ಒಂದೇ ಭಾರ.
ಬಿಸಿಲಿಗೆ ಹಿಡಿದರೆ ಹತ್ತಿಯ ಕಡೆ
ಕೂದಲೆಳೆಯಂಥ ಎರಡು ಗೆರೆ.
ನನ್ನ ಕಡೆ ಏನೂ ಇಲ್ಲ:
ಕಾಮನಬಿಲ್ಲಿನಲ್ಲಿ ಕಲಸಿದ ನನ್ನದೇ ಮುಖ,
ನಡುವಿನ ತೂತಿನಲ್ಲಿ ಸದಾಶಿವಗಡ.

‘ಆ ಗೆರೆ ಮೊದಲೇ ಇತ್ತು’ ಅಂದ ಮಾಮ.
ಇದ್ದರೂ ಇರಬಹುದು.

ಶನಿವಾರ ಅರ್ಗಾದ ಕಡೆಯಿಂದ ಒಂದು ಕರೀ ಕಾರು.
ಕರಿ ಯಾರ ಗುಟ್ಟನ್ನೂ ಇಟ್ಟುಕೊಳ್ಳುವುದಿಲ್ಲ,
ಹಿಂದೆ ಯಾರ್‍ಯಾರು ಎಲ್ಲೆಲ್ಲಿ ಒರೆಸಿದ್ದರೋ
ಅಷ್ಟೂ ಜೇಡನ ಬಲೆಯ ಹಾಗೆ ಮೇಲೇ ಇತ್ತು.
ತೊಳೆದೆವು, ಒಣಗಿಸಿದೆವು, ಚೂರು ಚೂರೇ ವ್ಯಾಕ್ಸ್ ಹಚ್ಚಿ
ಅದು ಮಂಜಾಗಿ ಬಿಳಿಚುವವರೆಗೆ ಕಾದೆವು.
ಮಾಮನ ಕೈಗೆ ಹಳದಿ ಬಟ್ಟೆ ಕೊಟ್ಟೆ:
ಇವತ್ತು ಇದೇ.

ಹಿಡಿದವನು ಒಮ್ಮೆಲೇ ಕೈ ಕೊಡವಿದ.
ಬಟ್ಟೆ ಬೀಳಲಿಲ್ಲ.
ಅಂಗೈಗೇ ಅಂಟಿ ನೇತಾಡಿತು.

ಹುಡುಗನಿದ್ದಾಗ ರಂಪಣಿ ಹಗ್ಗ ಎಳೆದ ಕೈ,
ಆಮೇಲೆ ಸೋಪಿನ ನೀರು, ಸೀಮೆಎಣ್ಣೆ.
ಬಿರುಕಿನೊಳಗೆ ಬಿರುಕು, ಎದ್ದು ನಿಂತ ಚರ್ಮ.
ಹದಿನಾರಾಗಿ ಸೀಳಿದ ಎಳೆಗಳೆಲ್ಲ
ಒಂದೊಂದನ್ನೂ ಹುಡುಕಿ ಹುಡುಕಿ ಕಚ್ಚಿದ್ದವು.
ಹತ್ತಿಗೆ ಈ ಬುದ್ಧಿ ಇಲ್ಲ.

ಅಷ್ಟು ದಿನ ಅವನು ಬಾನೆಟ್ಟಿನ ಪರವಾಗಿ
ಜಗಳ ಆಡುತ್ತಿದ್ದಾನೆಂದೇ ತಿಳಿದಿದ್ದೆ.

ಎಣ್ಣೆ ಹಚ್ಚಿಕೋ ಅನ್ನುವಂತಿಲ್ಲ, ಗಾಜಿಗೆ ಹತ್ತುತ್ತದೆ.
ಕೈಗವಸು ಅಂದರೆ ಬೈಯುತ್ತಾನೆ.
ಒಂದೊಂದೇ ಎಳೆ ಬಿಡಿಸಿದೆ, ಬಲೆಗೆ ಸಿಕ್ಕ ಏಡಿಯನ್ನು
ಕಾಲು ಮುರಿಯದ ಹಾಗೆ ಬಿಡಿಸುತ್ತೇವಲ್ಲ, ಹಾಗೆ.
ಅವನು ಸೇತುವೆ ಕಡೆ ನೋಡುತ್ತಿದ್ದ.
‘ನಿನ್ನ ಬಟ್ಟೆ ಅಡ್ಡಿಲ್ಲ’ ಅಂದ. ‘ಹಿಡಿತ ಉಂಟು.’

ಕರೀ ಕಾರನ್ನು ನಾನೇ ಉಜ್ಜಿದೆ.
ಪಂಚೆಯ ತುಂಡು ಹಿಡಿದು ಮಾಮ ಬಾಗಿಲ ಸಂದಿಗೆ ಇಳಿದ.
ಕಾರಿನವ ಬಂದು ಎರಡು ಸುತ್ತು ಹಾಕಿದ,
ಬಾನೆಟ್ಟಿನಲ್ಲಿ ತಲೆ ಬಾಚಿಕೊಂಡ,
ನೂರು ರೂಪಾಯಿ ಕಡಿಮೆ ಮಾಡು ಅಂದ.

ಸಂಜೆಗೆ ಎರಡು ಬಕೆಟ್ಟು.
ಒಟ್ಟಿಗೆ ಒಗೆಯಬಾರದು; ಹತ್ತಿ ಬಿಡುವ ಜುಂಗನ್ನು
ಇದು ಬಾಚಿಕೊಂಡರೆ ಮತ್ತೆ ಬಿಡುವುದಿಲ್ಲ.
ಎರಡು ಹಗ್ಗವನ್ನೂ ದೂರ ದೂರವೇ ಕಟ್ಟಿದ್ದೇನೆ.
ಆದರೂ ರಾತ್ರಿ ಗಾಳಿ ಎದ್ದರೆ
ಪಂಚೆಯ ತುಂಡು ಹಾರಿ ಹಳದಿಯ ಮೇಲೆ ಬೀಳುತ್ತದೆ.
ಬೆಳಿಗ್ಗೆ ಬಿಳೀ ಜುಂಗು ಹೆಕ್ಕುತ್ತ ಕೂರುತ್ತೇನೆ.
ಮಾಮ ಚಾ ತರುತ್ತಾನೆ,
ಬಿಸಿ ಲೋಟವನ್ನು ಬರಿಗೈಯಲ್ಲೇ ಹಿಡಿದು.