ಆರನೇ ನಂಬರಿನ ಅಂಗಿ

ಸೋಮವಾರ ಬೆಳಿಗ್ಗೆ ಇದ್ದಿಲು ಹತ್ತಿಕೊಳ್ಳಲೊಲ್ಲದು.
ಬೀಸಿ ಬೀಸಿ ತೋಳು ಬಿದ್ದುಹೋಯಿತು.
ನಮ್ಮ ಫಾರ್ವರ್ಡ್‌ಗಳ ಹಾಗೇ ಅದೂ:
ಹೊಗೆ ಬೇಕಾದಷ್ಟಿದೆ, ಕಿಡಿ ಇಲ್ಲ.

ಆಸ್ಟಿನ್ ಟೌನಿನ ಹೊಂಗೆಮರದ ಕೆಳಗೆ ನನ್ನ ಇಸ್ತ್ರಿ ಗಾಡಿ.
ಬೀದಿಯ ಬಟ್ಟೆಗೆಲ್ಲ ಲೆಕ್ಕವಿದೆ,
ನೀಲಸಂದ್ರ ರೋವರ್ಸಿನ ಹದಿನಾರು ಅಂಗಿಗೆ ಇಲ್ಲ.
ಕೇಳಿದವರಿಗೆ ಅಭ್ಯಾಸ ಅಂತೀನಿ.
ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ.

ನಿನ್ನೆಯದು ಸೇರಿ ನಾಲ್ಕು ಸೋಲು.
ಮೊದಲ ಮೂರಕ್ಕೆ ಮರ್ಯಾದೆ ಇತ್ತು,
ಸೋಲುವವರು ಸೋಲುವ ಹಾಗೆ ಸೋತಿದ್ದರು.
ನಿನ್ನೆ ಎಂಬತ್ತಾರನೇ ನಿಮಿಷದವರೆಗೆ ಗೆದ್ದಿದ್ದೆವು.
ಸ್ಟೇಡಿಯಮ್ಮಿನ ಸಿಮೆಂಟು ಮೆಟ್ಟಿಲ ಮೇಲೆ ಆಗಲೇ ಎದ್ದು ನಿಂತು
ಚಪ್ಪಲಿ ಹುಡುಕುತ್ತಿದ್ದೆ, ಒಂದು ಕೆಳಗಿನ ಸಾಲಿಗೆ ಜಾರಿತ್ತು.
ತಲೆ ಎತ್ತುವಷ್ಟರಲ್ಲಿ ಸಮ.
ಚಪ್ಪಲಿ ಕಾಲಿಗೇರಿಸುವಷ್ಟರಲ್ಲಿ
ಆರನೇ ನಂಬರಿನ ಹುಡುಗ, ಅರುಳ್,
ಹೊರಗೆ ಹೋಗಬೇಕಾದ ಚೆಂಡಿಗೆ ತಲೆ ಕೊಟ್ಟು
ನಮ್ಮದೇ ಬಲೆಗೆ ಕಳಿಸಿದ,
ಎಷ್ಟು ಅಂದವಾಗಿ ಅಂದರೆ, ಅತ್ತ ಕಡೆ ಹೊಡೆದಿದ್ದರೆ
ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದೆವು.

ಆಗ ನಾನು ಕೂಗಿದ ಮಾತು
ನನ್ನ ಬಾಯಲ್ಲಿ ಎಲ್ಲಿತ್ತೋ.
ಅದರಲ್ಲಿ ಅವನ ತಾಯಿ ಇದ್ದಳು.

ರಾತ್ರಿ ಅನ್ನ ಸೇರಲಿಲ್ಲ.
"ನಿಮಗೇನು ಅವರು ಸಂಬಳ ಕೊಡ್ತಾರಾ?" ಎಂದಳು ಹೆಂಡತಿ.
ಇಲ್ಲ. ಕೊಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬೆಳಿಗ್ಗೆ ಟೀ ಅಂಗಡಿಯಲ್ಲಿ ವಾಚ್ ರಿಪೇರಿಯ ಬಷೀರಣ್ಣ ಸಿಕ್ಕ.
ವಾರಕ್ಕೆ ಮೂರು ಸಲ ಡಯಾಲಿಸಿಸ್;
ಭಾನುವಾರ ಬೇಡ ಅಂತ ನರ್ಸಿನ ಹತ್ತಿರ ಜಗಳವಾಡಿ ಗೆದ್ದವನು.
ಸಾವಿನ ಪಕ್ಕ ಕೂತು ಎದ್ದು ಬರುವವನು, ಏನಾದರೂ ಹೇಳಿಯಾನು,
ಆಟ ಎಷ್ಟು ಸಣ್ಣದು, ಬದುಕು ಎಷ್ಟು ದೊಡ್ಡದು ಅಂತ,
ಕಾದು ಕೂತೆ.
ರಸ್ಕು ಟೀಯಲ್ಲಿ ಮುರಿದು ಬಿತ್ತು. ಬೆರಳಿಂದ ತೆಗೆದು ತಿಂದ.
"ಆ ಲೆಫ್ಟ್ ಬ್ಯಾಕ್," ಎಂದ ಕೊನೆಗೆ,
"ಅಷ್ಟು ಮುಂದಕ್ಕೆ ಯಾಕೋ ಹೋದ?"

ಹತ್ತು ಗಂಟೆಗೆ ಅಮಲೋರ್ಪವಮ್ಮ ಗಂಟು ತಂದಿಟ್ಟಳು.
ಟೀಮಿನ ಬಟ್ಟೆ ಒಗೆಯುವವಳು ಅವಳೇ, ಅರುಳನ ತಾಯಿ.
ನಿನ್ನೆ ನನಗಿಂತ ಆರು ಮೆಟ್ಟಿಲು ಕೆಳಗೆ ಕೂತಿದ್ದಳೋ
ಹತ್ತು ಮೆಟ್ಟಿಲೋ, ಕೇಳುವ ಧೈರ್ಯವಾಗಲಿಲ್ಲ.
ಇದ್ದಿಲು ಕೆದಕುತ್ತಲೇ ಇದ್ದೆ.
"ಅಣ್ಣಾ, ಆರನೇದರ ತೋಳು ಹರಿದಿತ್ತು, ಹೊಲಿದಿದೀನಿ.
ನೋಡ್ಕೊಂಡು ಎಳೀರಿ."
ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.
"ರಾತ್ರಿ ಊಟ ಮಾಡ್ಲಿಲ್ಲ ಅವನು."
ನನಗೆ ಹೇಳಿದಳೋ, ಹೊಂಗೆಮರಕ್ಕೋ.

ಹದಿನೈದು ಅಂಗಿ ಮುಗಿಸಿದೆ. ಅದೊಂದು ಉಳಿಯಿತು.
ನೀಲಿ ದಾರ ಸಿಕ್ಕಲಿಲ್ಲವೇನೋ, ನೀಲಿ ಬಟ್ಟೆಗೆ ಹಸಿರು ಹೊಲಿಗೆ,
ಇರುವೆ ಸಾಲಿನಂತೆ ಒತ್ತೊತ್ತಾಗಿ.
ಪಾಲಿಯೆಸ್ಟರ್ ವಿಚಿತ್ರ ಬಟ್ಟೆ; ಬಿಸಿ ಹೆಚ್ಚಾದರೆ
ಸುಡುವುದಿಲ್ಲ, ಕರಗಿ ಪೆಟ್ಟಿಗೆಗೇ ಅಂಟುತ್ತದೆ,
ಅದೂ ಹಾಳು, ಇದೂ ಹಾಳು.
ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಕಾದೆ.
ನೀರು ಚಿಮುಕಿಸಿದೆ: ಚುರ್ ಅಂದಿತು. ಇನ್ನೂ ಕಾದೆ.
ಎರಡು ಬಸ್ಸು ಹೋದವು.
ಯಾರೋ ಮಗುವಿನ ಯೂನಿಫಾರಂ ಕೇಳಿ ಬೈದು ಹೋದರು.
ಮತ್ತೆ ಚಿಮುಕಿಸಿದೆ. ಸದ್ದಿಲ್ಲ.
ಒದ್ದೆ ಪಂಚೆಯ ತುಂಡು ಹಾಸಿ
ತೋಳಿನ ಮೇಲೆ ನಿಧಾನ ಎಳೆದೆ.

ಪೇಪರಿನಲ್ಲಿ ಸುತ್ತುವಾಗ ಆಟದ ಪುಟವೇ ಕೈಗೆ ಬಂತು.
ಹುಡುಕಿದೆ, ಮೂಲೆಮೂಲೆ. ಎಲ್ಲೆಲ್ಲಿಯದೋ ಸೋಲುಗಳಿದ್ದವು,
ನಮ್ಮದು ಒಂದು ಸಾಲೂ ಇಲ್ಲ.
ಮೊದಲು ಸಿಟ್ಟು ಬಂತು. ಆಮೇಲೆ,
ಸದ್ಯ, ಅರುಳನ ಹೆಸರೂ ಇಲ್ಲ ಅನ್ನಿಸಿತು.

ಮುಂದಿನ ಭಾನುವಾರ ಮೂರೂವರೆಗೆ.
ಎದುರು ಲೀಗಿನ ಮೊದಲ ಸ್ಥಾನದವರು.
ಸೋಲುತ್ತೇವೆ, ಅದರಲ್ಲಿ ಅನುಮಾನ ಬೇಡ.
ಚಪ್ಪಲಿ ಈ ಸಲ ಬಿಚ್ಚುವುದಿಲ್ಲ.
ಬಷೀರಣ್ಣನಿಗೆ ಟವಲು ಹಾಸಿ ಜಾಗ ಹಿಡಿಯಬೇಕು,
ಅಮಲೋರ್ಪವಮ್ಮ ಎಲ್ಲಿ ಕೂತಿದ್ದಾಳೆಂದು
ಮೊದಲೇ ನೋಡಿಕೊಳ್ಳಬೇಕು.