ಹೆಸರಿನ ಬಾಲ

ಅಜ್ಜನ ಹೆಸರು ವೀಬೆ.
ಹುಟ್ಟಿದ್ದು ಹೆಣ್ಣೆಂದು ಗೊತ್ತಾದಾಗ
ಅದೇ ಹೆಸರಿನ ತುದಿಗೊಂದು 'ಕೆ' ಹೊಲಿದು
ನನಗೆ ತೊಡಿಸಿದರು: ವೀಬ್ಕೆ.
ಅಣ್ಣನ ಅಂಗಿಯನ್ನು ತಂಗಿಗೆ ಮೊಟಕು ಮಾಡುತ್ತಾರಲ್ಲ, ಹಾಗೆ.
ಆದರೆ ನಮ್ಮ ಫ್ರೀಸಿಯನ್ನಿನಲ್ಲಿ ಮೊಟಕು ಮಾಡಲು
ಬಟ್ಟೆ ಕತ್ತರಿಸುವುದಿಲ್ಲ,
ಇನ್ನೊಂದು ತುಂಡು ಸೇರಿಸುತ್ತಾರೆ.

ಹಾರ್ಲಿಂಗನ್ ಬಂದರಿನಲ್ಲಿ ಯಾವುದಕ್ಕಿಲ್ಲ ಈ ಬಾಲ?
ಬಟ್ಟಲು ಕೋಪ್ಕೆ, ಹೂವು ಬ್ಲೊಮ್ಕೆ,
ಹುಡುಗಿ ಎಂಬ ಮಾತಿಗೇ ಹುಟ್ಟಿನಿಂದ ಬಂದ ಬಾಲ, ಫಾಮ್ಕೆ.
ಮೀನುಮಾರುಕಟ್ಟೆಯ ತಗಡು ಹಾರಿಸಿಕೊಂಡು ಹೋದ ಮಳೆಗೂ
ಮರುದಿನ ಬೇಕರಿಯ ರಿನ್ಸ್ಕೆ ಅಂದಳು, ಬುಯ್ಕೆ.
ಮಳೆಮರಿ!
ಹೆದರಿದ್ದನ್ನು ಹೀಗೆ ಕಂಕುಳಲ್ಲಿ ಎತ್ತಿಕೊಂಡುಬಿಟ್ಟರೆ
ಅದು ಕಚ್ಚಲಾರದು ಅಂತ.

ಅಜ್ಜ ಬಾಲ ಕಟ್ಟುವವನಲ್ಲ.
ದೋಣಿ ದೋಣಿ, ಗಾಳಿ ಗಾಳಿ, ಸೀಗಡಿ ಬರೀ ಸೀಗಡಿ.
ಕಡಲನ್ನು ಮುದ್ದು ಮಾಡಿದರೆ
ತಲೆಯ ಮೇಲೆ ಹತ್ತಿ ಕೂರುತ್ತದೆ, ಎನ್ನುತ್ತಿದ್ದ.
ಅವನ ಬಾಯಲ್ಲಿ 'ಕೆ' ಬರುತ್ತಿದ್ದುದು ನನ್ನ ಹೆಸರಿಗಷ್ಟೇ,
ಅದೂ ಪುರಸಭೆಯ ರಿಜಿಸ್ಟರಿನಲ್ಲಿ ಹಾಗಿದೆ ಎಂಬ ಕಾರಣಕ್ಕೆ.
ಗಂಟು ಕಲಿಸುವಾಗ ವೀಬ್ಕೆ,
ಬಲೆ ಹರಿದಾಗ ಇಡೀ ದಕ್ಕೆಗೆ ಕೇಳುವಂತೆ ವೀಬ್ಕೆ.
ಬೈಗುಳದ ನಡುವೆಯೂ ಆ ಕೊನೆಯ ಸದ್ದು
ಅವನ ತಂಬಾಕಿನ ಹಲ್ಲಿಗೆ ತಾಗಿ
ಬೆಚ್ಚಗಾಗಿ ಬರುತ್ತಿತ್ತು.

ನನಗೆ ಹತ್ತೊಂಬತ್ತು. ನವೆಂಬರ್.
ಎಂಜಿನ್ನಿನಿಂದ ಹೊಗೆ,
ಅಜ್ಜನ ಬಲಗೈ ವಿಂಚಿಗೆ ಸಿಕ್ಕಿ ಜಜ್ಜಿತ್ತು.
ಇಳಿತ ಶುರುವಾಗಿತ್ತು. ಇನ್ನರ್ಧ ಗಂಟೆ ಕಳೆದರೆ
ಕೆಸರಿನಲ್ಲಿ ಎಮ್ಮೆಯಂತೆ ಕೂರುತ್ತಿತ್ತು ದೋಣಿ.
ಕೆಂಪು ದೀಪ ಎಡಕ್ಕೆ, ಹಸಿರು ಬಲಕ್ಕೆ,
ಬಾಯಲ್ಲಿ ಅದನ್ನೇ ಜಪಿಸುತ್ತ
ದಕ್ಕೆಗೆ ತಂದು ಮುಟ್ಟಿಸಿದೆ.
ಎಲ್ಲರ ಎದುರು ಅಜ್ಜ ಹೇಳಿದ:
"ಸೈ, ವೀಬೆ."

ಗಂಡಸರು ಟೋಪಿ ಎತ್ತಿದರು.
ನಾನು ಐಸಿನ ಪೆಟ್ಟಿಗೆಗಳ ಹಿಂದೆ ಹೋಗಿ ಕೂತೆ.
ಕಳಚಿ ಬಿದ್ದ ಬಾಲ, ಹಲ್ಲಿಯದರಂತೆ,
ಎಲ್ಲೋ ಒಂದು ಕಡೆ
ತಾನೊಂದೇ ಮಿಡುಕುತ್ತಿತ್ತು.

ಮತ್ತೆ ಅವನದನ್ನು ಹೆಕ್ಕಿ ಕೊಡಲಿಲ್ಲ.
ಇಪ್ಪತ್ತೆರಡು ವರ್ಷ ಒಂದೇ ದೋಣಿಯಲ್ಲಿ ಇಬ್ಬರು ವೀಬೆ.
ಯಾರಾದರೂ ಕೂಗಿದರೆ ಇಬ್ಬರೂ ಓಗೊಟ್ಟು
ಒಬ್ಬರ ಮುಖ ಒಬ್ಬರು ನೋಡುವುದು.
ದೊಡ್ಡವಳಾಗಿದ್ದೆ, ಅದಕ್ಕೇನು.
ಸಂಬಳದಂತೆ ಬಂದ ಹೆಸರು.
ಚಳಿಗೆ ಹೊದೆಯಲು ಬರುವುದಿಲ್ಲ.

ಈಗ ಲೇವಾರ್ಡನ್ ಆಸ್ಪತ್ರೆ, ಮೂರನೇ ಮಹಡಿ.
ನರ್ಸು ಒಳ್ಳೆಯವಳು, ಮಾತಿಗೆಲ್ಲ ಬಾಲ:
ಒಂದು ಸೂಜಿಮರಿ ಚುಚ್ಚಲೇ,
ಎದೆಯದೊಂದು ಫೋಟೋಮರಿ ತೆಗೆಯೋಣವೇ,
ಅಗೋ ಶ್ವಾಸಕೋಶದಲ್ಲಿ ಚುಕ್ಕೆಮರಿ.
ತೊಂಬತ್ತನಾಲ್ಕು ಕಿಲೋ ಇದ್ದವನು
ಐವತ್ತೆಂಟಾಗಿ ಮಲಗಿ ಗುರುಗುಟ್ಟಿದ:
"ಚುಕ್ಕೆಗೆ ಬಾಲ ಕಟ್ಟಬೇಡ, ತಾಯಿ.
ಅದು ಬೆಳೆದಿದೆ."

ರಾತ್ರಿ ಅವನ ಉಸಿರು
ಇಳಿತದ ನೀರು ಕೆಸರಿನ ಸೀಳುಗಳಲ್ಲಿ ಹೊರಡುವಂತೆ
ನಿಂತು, ಹೊರಟು, ನಿಂತು.
ಯಾಕೋ ಬಗ್ಗಿ, ಕಿವಿಯ ಹತ್ತಿರ ಕರೆದೆ:
ವೀಬ್ಕೆ.
ನನ್ನ ಹೆಸರು. ಅವನಿಗೆ ಸರಿಯಾಗಿ ಕೂತಿತು,
ಅಳತೆ ಕೊಟ್ಟು ಹೊಲಿಸಿದಂತೆ.

ಕಣ್ಣು ತೆರೆಯಲಿಲ್ಲ.
ಜಜ್ಜಿದ ಆ ಬಲಗೈ ಹೊದಿಕೆಯ ಮೇಲೆ ತಡವುತ್ತ ಬಂದು
ನನ್ನ ಹೆಬ್ಬೆರಳು ಸಿಕ್ಕಿದ್ದೇ ನಿಂತಿತು.
"ಹೂಂ," ಅಂದ.
ಆಮೇಲೆ, ಬಹಳ ಹೊತ್ತಿನ ಮೇಲೆ:
"ಕಾಫಿ.
ಕೋಪ್ಕೆ ಬೇಡ.
ಕೋಪ್."