ಸರ್ವೆ ನಂಬರ್ ನಲವತ್ತೇಳು ಬಾರ್ ಎರಡು

ಗಡಿಯೊಳಗೆ ನಿಲ್ಲಿ, ಅನ್ನುತ್ತದೆ ಆ್ಯಪು.
ನಿಂತಿದ್ದೇನೆ, ಮೊಣಕಾಲುದ್ದ ಕೆಸರಲ್ಲಿ,
ಫೋನಿಗೆ ಹಾಲಿನ ಪ್ಯಾಕೆಟ್ ತೊಡಿಸಿ.
ನೀಲಿ ಚುಕ್ಕಿ ಮಾತ್ರ ನನ್ನನ್ನು
ಪಕ್ಕದ ಪೌಲೋಸನ ಶುಂಠಿಯಲ್ಲಿ ನಿಲ್ಲಿಸಿದೆ.
ಎರಡು ಹೆಜ್ಜೆ ಎಡಕ್ಕೆ. ಮತ್ತೆ ಎರಡು.
ಒಂದು ತಾಕಿಗೆ ಹತ್ತು ರೂಪಾಯಿ ನನಗೆ;
ಹೋದ ಮುಂಗಾರಿನದ್ದು ಇನ್ನೂ ಬಂದಿಲ್ಲ.

ಪಹಣಿಯಲ್ಲಿ ಪಟ್ಟೆದಾರ ಚಿಟ್ಟಿಯಪ್ಪ.
ತೀರಿಕೊಂಡು ಅರವತ್ತು ವರ್ಷ ದಾಟಿತು.
ಜಮ್ಮಾ ಗದ್ದೆ, ಹೆಸರು ಒಂದೇ,
ಪಾಲು ಹನ್ನೊಂದು.
ವರ್ಷಕ್ಕೊಮ್ಮೆ ಕೈಮಡದಲ್ಲಿ
ಕೋಳಿ ಸಾರು, ಅರ್ಧ ಕುಪ್ಪಿ ಬ್ರಾಂದಿ ಇಟ್ಟು
ಕಾರಣ ಕೊಡುತ್ತಾರೆ ಅವರಿಗೆ.
ಅದು ತಲುಪುತ್ತದೆ.
ಆಧಾರ್ ಜೋಡಿಸಿದ್ದೀರಾ ಅಂತ
ಅಲ್ಲಿ ಯಾರೂ ಕೇಳುವುದಿಲ್ಲ.

ಈ ಸಲ ಭತ್ತದ ಸಹಾಯಧನ
ಮೂರು ಸಾವಿರದ ಇನ್ನೂರ ನಲವತ್ತು.
ನಾಪೋಕ್ಲಿನ ನಾಡ ಕಚೇರಿಯ ಬೆಂಚಿನ ಮೇಲೆ
ಕುಟ್ಟಪ್ಪ ಮಾಸ್ಟ್ರು ಪೆನ್ಸಿಲಿನಲ್ಲಿ ಭಾಗಿಸಿದರು,
ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ:
ತಲೆಗೆ ಇನ್ನೂರ ತೊಂಬತ್ತನಾಲ್ಕು ರೂಪಾಯಿ,
ಐವತ್ತನಾಲ್ಕು ಪೈಸೆ. ಶೇಷ ಆರು ಪೈಸೆ.
"ಅದು ಚಿಟ್ಟಿಯಪ್ಪಜ್ಜನಿಗೇ ಇರಲಿ" ಅಂದರು ದೇವಕ್ಕಿ,
ಮಿಲಿಟರಿ ಕ್ಯಾಂಟೀನಿನ ಚೀಲ ಮಡಿಚುತ್ತಾ.
ಎಲ್ಲರೂ ನಕ್ಕರು. ನಗು ಮುಗಿಯಲಿ ಅಂತ
ಕಾದಿದ್ದು ಗುಮಾಸ್ತೆ ಹೇಳಿದ:
ಹನ್ನೊಂದೂ ಮಂದಿಯ ಒಪ್ಪಿಗೆ ಬೇಕು, ಛಾಪಾ ಕಾಗದದಲ್ಲಿ.
ನೋಟರಿಗೆ ತಲಾ ಮುನ್ನೂರು.
ಮಾಸ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು.

ಇಲ್ಲಿ ಗದ್ದೆಯಲ್ಲಿ ಬೊಳ್ಚಿ.
ಎರಡು ವರ್ಷದಿಂದ ವಾರಕ್ಕೆ ಮಾಡುತ್ತಿದ್ದಾಳೆ,
ಬಾಯಿಮಾತು, ಕಾಗದ ಇಲ್ಲ.
ಬುಧವಾರ ರಾತ್ರಿ ಆನೆ ದಾಟಿದೆ,
ಬದುವಿನಿಂದ ಬದುವಿಗೆ ಹದಿನೇಳು ಹೆಜ್ಜೆ,
ಒಂದೊಂದರಲ್ಲೂ ನೀರು, ನೀರಲ್ಲಿ ಮೋಡ.
ಪಟ್ಟಿಯನ್ನು ಬೆರಳಲ್ಲಿ ಮೇಲೆ ತಳ್ಳಿದೆ:
ಭತ್ತ, ಕಾಫಿ, ಕರಿಮೆಣಸು, ಶುಂಠಿ, ಪಾಳು.
ಕೊನೆಗೆ ಇತರೆ.
ಇತರೆ ಒತ್ತಿದರೆ ಹೆಸರು ಕೇಳುತ್ತದೆ, ವಿಸ್ತೀರ್ಣ ಕೇಳುತ್ತದೆ.

ಬೊಳ್ಚಿ ಉಳಿದ ಅಗೆಯ ಕಟ್ಟು ತಂದು
ಹೆಜ್ಜೆಗುಳಿಯೊಳಗೇ ನೆಡುತ್ತಿದ್ದಳು,
ಸುತ್ತ ಬೆರಳಿಂದ ಕೆಸರು ಒತ್ತಿ ಒತ್ತಿ.
"ಅಲ್ಲೇ ಯಾಕೆ?" ಅಂದೆ.
"ಮತ್ತೆ ಎಲ್ಲಿ? ಖಾಲಿ ಇರೋದು ಅಲ್ಲೇ ಅಲ್ವಾ."

ಫೋಟೊದಲ್ಲಿ ಮನುಷ್ಯರು ಬೀಳಬಾರದು,
ತರಬೇತಿಯಲ್ಲಿ ಎರಡು ಸಲ ಹೇಳಿದ್ದರು.
ಸ್ವಲ್ಪ ಆಚೆ ಹೋಗು ಅಂದೆ, ಹೋದಳು.
ಆದರೂ ಬಲ ಮೂಲೆಯಲ್ಲಿ ಒಂದು ಮುಂಗೈ,
ಹಸಿರು ಬಳೆ, ಹಸಿರು ಅಗೆ.
ಮಳೆ ಹಿಡಿಯಿತು, ಸಿಗ್ನಲ್ ಒಂದೇ ಗೆರೆ.
ಹೋಗಲಿ ಅಂತ ಕಳಿಸಿಬಿಟ್ಟೆ.

ಹದಿನೈದು ದಿನಕ್ಕೆ ಮೇಲಿಂದ ಮೆಸೇಜು:
ನಲವತ್ತೇಳು ಬಾರ್ ಎರಡು, ತಿರಸ್ಕೃತ.
ಕಾರಣ: ಬೆಳೆಯಲ್ಲದ ವಸ್ತು.

ಮತ್ತೆ ಇಳಿದೆ ಗದ್ದೆಗೆ.
ಹೊಳೆಯ ಕಡೆ ಭತ್ತ ಗೇಣುದ್ದ ಎದ್ದಿತ್ತು,
ನಡುವೆ ಹದಿನೇಳು ಗುಂಪು, ಗಿಡ್ಡ,
ಒಂದು ಪ್ರಾಣಿ ಯಾವ ಕಡೆ ನಡೆಯಿತು ಅಂತ
ಬದುವಿನ ಮೇಲೆ ನಿಂತರೆ ಓದಬಹುದು.
ಬೊಳ್ಚಿ ಕಳೆ ಕೀಳುತ್ತಿದ್ದಳು.
ಫೋನು ನೋಡಿದ್ದೇ ತಡ ನೆಟ್ಟಗಾದಳು,
ನಾನು ಬಾಯಿ ತೆರೆಯುವ ಮೊದಲೇ
ಬದು ದಾಟಿ, ಪೌಲೋಸನ ಶುಂಠಿಯೊಳಗೆ ಹೋಗಿ,
ಎರಡೂ ಕೈ ಬೆನ್ನ ಹಿಂದೆ ಕಟ್ಟಿ,
"ಈಗ ತೆಗಿ" ಅಂದಳು.